ನೀರು ಹಾಕಿ ನಂದಿಸಲಾಗಿದೆ

ಕೊಪ್ಪಳದ ಪಕ್ಕದ ನಮ್ಮ ಭಾಗ್ಯನಗರದ ಓಣಿಯ ಮೂಲೆಗೆ ಈಚೆಗೆ ಇಸ್ತ್ರಿ ಮಾಡುವವನೊಬ್ಬ ತಳ್ಳುಗಾಡಿ ತಂದು ನಿಲ್ಲಿಸಿದ್ದಾನೆ. ಒಳ್ಳೆಯ ಮನುಷ್ಯ. ನಿವೃತ್ತನಾದ ಮೇಲೆ ನನ್ನ ಅಂಗಿಗಳಿಗೆ ಇಸ್ತ್ರಿಯ ಅಗತ್ಯವೇನೂ ಉಳಿದಿಲ್ಲ. ಆದರೂ ಅವನ ಜೊತೆ ಎರಡು ಮಾತಾಡುವ ಆಸೆಗೆ ವಾರಕ್ಕೆರಡು ಅಂಗಿ ಕೊಟ್ಟು ಬರುತ್ತೇನೆ. ಅವನದು ಇದ್ದಿಲಿನ ಪೆಟ್ಟಿಗೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಸಿ, ಪೆಟ್ಟಿಗೆಯ ಬಾಯಿ ತೆರೆದು, ಉಳಿದ ಕೆಂಡವನ್ನು ಗಟಾರದ ಪಕ್ಕದ ಕಲ್ಲಿನ ಮೇಲೆ ಸುರಿದು, ಮೇಲೊಂದು ತಂಬಿಗೆ ನೀರು ಚೆಲ್ಲುತ್ತಾನೆ. ಚುಂಯ್ ಎನ್ನುತ್ತದೆ. ತಣ್ಣಗಾದ ಇದ್ದಿಲನ್ನು ಆಯ್ದು ಮರುದಿನಕ್ಕೆಂದು ಚೀಲಕ್ಕೆ ತುಂಬಿಕೊಳ್ಳುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹಸಿ ಬೂದಿಯ ವಾಸನೆ ಓಣಿ ದಾಟಿ ನಮ್ಮ ಕಿಟಕಿಯಿಂದ ಒಳಗೆ ಬರುತ್ತದೆ, ನಾನು ಓದುತ್ತಿದ್ದ ಪೇಪರು ಕೆಳಗಿಟ್ಟು ಎದ್ದು ಹೋಗಿ ಕಿಟಕಿ ಹಾಕುತ್ತೇನೆ.

ನನ್ನ ಹೆಂಡತಿ ಇದನ್ನು ಒಂದು ವಾರ ನೋಡಿದಳು. ಎರಡನೆಯ ವಾರ ಬಾಯಿ ಬಿಟ್ಟಳು. ಸೊಳ್ಳೆ ಬರುವ ಹೊತ್ತಿಗೆ ಕಿಟಕಿ ಹಾಕಿರೆಂದು ಇಪ್ಪತ್ತು ವರ್ಷ ಬಡಿದುಕೊಂಡರೂ ಹಾಕದವರು ಈಗ ಯಾರೂ ಹೇಳದೆ ಹಾಕುತ್ತಿದ್ದೀರಲ್ಲ, ಏನು ಸಮಾಚಾರ ಎಂದು ಕೇಳಿದಳು. ಬೂದಿ ಹಾರಿ ಬರುತ್ತದೆ ಎಂದೆ. ಹಸಿ ಬೂದಿ ಹೇಗೆ ಹಾರುತ್ತದೆ ಎಂದು ಅವಳು ಕೇಳಲಿಲ್ಲ. ಕೇಳದಿದ್ದದ್ದೇ ನನಗೆ ಕಷ್ಟವಾಯಿತು.

ನಿಮಗೂ ಒಂದೊಂದು ವಾಸನೆಯ ಕಾಟ ಇದ್ದೇ ಇರುತ್ತದೆ. ಆಸ್ಪತ್ರೆಯ ಫಿನಾಯಿಲು ಕೆಲವರಿಗೆ, ಹೊಸ ಪುಸ್ತಕ ಕೆಲವರಿಗೆ. ನನ್ನದು ನೀರು ಬಿದ್ದ ಬೂದಿ. ಅದು ಬಂತೆಂದರೆ ನಾನು ಸಾಣಾಪುರದ ಕೆರೆಯ ಮೇಲಿನ ಬಂಡೆಗಳ ನಡುವೆ, ಕೈಯಲ್ಲಿ ಬರಿದಾದ ಬಕೀಟು ಹಿಡಿದು ನಿಂತಿರುತ್ತೇನೆ. ಎದುರಿಗೆ ಹನುಮವ್ವ ನಿಂತಿರುತ್ತಾಳೆ.

ಮೊದಲು ನಾನು ಅಲ್ಲಿಗೆ ಹೋದದ್ದು ಹೇಗೆ ಎಂಬುದನ್ನು ಹೇಳಬೇಕು. ನಾನು ಸರ್ಕಾರದ ಗುಮಾಸ್ತ. ಮೂವತ್ತು ವರ್ಷ ನೀರಾವರಿ ಕಚೇರಿಯಲ್ಲಿ ಕೂತು, ಕಾಲುವೆಯನ್ನು ಹತ್ತಿರದಿಂದ ನೋಡಿದ್ದಕ್ಕಿಂತ ಕಾಲುವೆಯ ಕಡತವನ್ನು ನೋಡಿದ್ದೇ ಹೆಚ್ಚು. ನಿವೃತ್ತನಾಗಿ ಆರು ತಿಂಗಳಲ್ಲಿ ಮನೆಯೊಳಗೆ ಕಾಲಿಗೆ ತೊಡರುವ ಸಾಮಾನಾಗಿದ್ದೆ. ಆಗ ಗಂಗಾವತಿಯಲ್ಲಿರುವ ನನ್ನ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಬಂದು ಕರೆದ. ಸಾಣಾಪುರದ ಹತ್ತಿರ ಅವನಿಗೆ ಸ್ವಲ್ಪ ಜಮೀನಿತ್ತು. ಭತ್ತಕ್ಕೂ ಬಾರದ, ಬಾಳೆಗೂ ಬಾರದ ಬರೀ ಬಂಡೆ. ನಮ್ಮ ಮಾವನವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆ ಬಂಡೆಯನ್ನೇ ನೋಡಲು ಜನ ದೂರದಿಂದ ಬರುವ ಕಾಲ ಬಂದಾಗ ಇವನು ಹನ್ನೆರಡು ಟೆಂಟು ಹೊಡೆದು, ಮನೆಯನ್ನೇ ವ್ಯಾನಿನೊಳಗೆ ಕಟ್ಟಿಕೊಂಡು ತಿರುಗುವವರಿಗೆಂದು ನಾಲ್ಕು ಗಾಡಿ ನಿಲ್ಲುವಷ್ಟು ಜಾಗ ಸಪಾಟು ಮಾಡಿ, ದೀಪಾವಳಿಯಿಂದ ಯುಗಾದಿಯವರೆಗೆ ನಡೆಯುವ ಒಂದು ಕ್ಯಾಂಪು ತೆರೆದಿದ್ದ. ಬಂದವರ ಹೆಸರು ಬರೆದುಕೊಳ್ಳಲು, ಹೋದವರ ಟವಲು ಎಣಿಸಲು ನಂಬಿಕೆಯ ಮನುಷ್ಯ ಬೇಕು ಎಂದ. ನಂಬಿಕೆಯ ಮನುಷ್ಯ ಎಂಬ ಮಾತಿಗೆ ನಾನು ಉಬ್ಬಿಹೋದೆ.

ವ್ಯಾನಿನಲ್ಲಿ ಮನೆ ಮಾಡಿಕೊಂಡವರ ಬಗ್ಗೆ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ಅವರ ಗಾಡಿಯೊಳಗೆ ಹಾಸಿಗೆ, ಒಲೆ, ಕೈ ತೊಳೆಯುವ ತೊಟ್ಟಿ, ಒಬ್ಬರ ಗಾಡಿಯಲ್ಲಂತೂ ತುಳಸಿ ಕುಂಡ ಕೂಡ ಇತ್ತು. ಎಲ್ಲ ಒಳಗೇ ಇದ್ದರೂ ಅವರಿಗೆ ಬೇಕಾದದ್ದು ಹೊರಗಿನ ಬೆಂಕಿ. ಬಂದಿಳಿದವರು ಕೆರೆ ಎಲ್ಲಿದೆ ಎಂದು ಕೇಳುವ ಮೊದಲು ಸಂಜೆ ಬೆಂಕಿ ಹಾಕುತ್ತೀರಾ ಎಂದು ಕೇಳುತ್ತಿದ್ದರು. ಒಲೆ ಬಿಟ್ಟು ನಗರಕ್ಕೆ ಹೋದ ಜನ ಉರಿಯ ಮುಂದೆ ಅಂಗೈ ಚಾಚಿ ಕೂರಲು ಇಷ್ಟು ದೂರ ಬರುತ್ತಾರಲ್ಲ ಎಂದು ನನಗೆ ನಗು ಬರುತ್ತಿತ್ತು. ಆದರೆ ಎರಡು ಸಂಜೆ ಕಳೆಯುವುದರೊಳಗೆ ನಾನೂ ಅವರ ಪಕ್ಕದಲ್ಲಿ ಅಂಗೈ ಚಾಚಿ ಕೂತಿದ್ದೆ.

ಆ ಬೆಂಕಿಯನ್ನು ನೋಡಿಕೊಳ್ಳುತ್ತಿದ್ದವಳು ಹನುಮವ್ವ. ಹುಟ್ಟಿದ್ದು ಯಲಬುರ್ಗಾ ಕಡೆಯ ಎರೆಹೊಲದ ಸೀಮೆಯಲ್ಲಿ. ಮದುವೆಯಾದ ಮೇಲೆ ಗಂಡನ ಜೊತೆ ಭತ್ತದ ನಾಟಿಗೆಂದು ಗಂಗಾವತಿ ಕಡೆಗೆ ಬಂದವಳು, ಹೇಮಗುಡ್ಡದ ಕೆಳಗಿನ ಊರಲ್ಲಿ ಮನೆ ಕಟ್ಟಿಕೊಂಡು ಉಳಿದುಬಿಟ್ಟಿದ್ದಳು. ಗಂಡ ತೀರಿಕೊಂಡಿದ್ದ. ಅರವತ್ತರ ಹತ್ತಿರದ ವಯಸ್ಸು. ನಾಟಿಗೆ ಬಗ್ಗಿ ಬಗ್ಗಿ ಸೊಂಟ ಹೋಗಿದೆ, ನೆಟ್ಟಗೆ ನಿಂತು ಮಾಡುವ ಕೆಲಸವಿದ್ದರೆ ಕೊಡಿ ಎಂದು ಕೇಳಿಕೊಂಡು ಬಂದವಳಿಗೆ ಭಾವಮೈದ ಈ ಕೆಲಸ ಕೊಟ್ಟಿದ್ದ. ದೀಪಾವಳಿ ಮುಗಿದ ಕೂಡಲೇ ತನ್ನ ಮನೆಗೆ ಬೀಗ ಹಾಕಿ, ಕ್ಯಾಂಪಿನ ಪಕ್ಕದ ತಗಡಿನ ಶೆಡ್ಡಿಗೆ ಬರುತ್ತಿದ್ದಳು. ಬರುವಾಗ ಒಂದು ಗಂಟು, ಒಂದು ಊದುಗೊಳವೆ, ಮತ್ತು ಸೆರಗಿನ ಮರೆಯಲ್ಲಿ ಒಂದು ಗಡಿಗೆ. ಗಡಿಗೆಯ ತುಂಬ ಬೂದಿ, ಬೂದಿಯ ನಡುವೆ ಕೆಂಡ.

ಅವಳು ಬೆಂಕಿಗೆ ನೀರು ಹಾಕುತ್ತಿರಲಿಲ್ಲ. ಸಂಜೆಯ ಜನ ಎದ್ದು ಊಟಕ್ಕೆ ಹೋದ ಮೇಲೆ ಬೆಂಕಿ ಹಾಕುವ ಕಲ್ಲಿನ ಕುಂಡದ ಕೆಂಡವನ್ನೆಲ್ಲ ನಡುವಿಗೆ ಎಳೆದು, ಮೇಲೆ ಬೂದಿ ಮುಚ್ಚಿ, ಅಂಗೈಯಿಂದ ತಟ್ಟಿ, ಅದರ ಮೇಲೊಂದು ಅಗಲವಾದ ಸಗಣಿಯ ಕುಳ್ಳು ಬೋರಲು ಇಟ್ಟು, ಸುತ್ತಲೂ ಮೂರು ಕಲ್ಲು ಒತ್ತರಿಸುತ್ತಿದ್ದಳು. ಬೆಳಗಿನ ಜಾವ ಕುಳ್ಳು ಸರಿಸಿ, ಊದುಗೊಳವೆಯಲ್ಲಿ ಎರಡು ಸಲ ಊದಿದರೆ ಬೆಂಕಿ ಏಳುತ್ತಿತ್ತು. ಇಡೀ ಹಂಗಾಮಿನಲ್ಲಿ ಅವಳು ಒಂದು ಕಡ್ಡಿ ಗೀರಿದ್ದನ್ನು ನಾನು ನೋಡಲಿಲ್ಲ. ಆ ಬೆಂಕಿಯ ಮೇಲೆ ಕುದಿದ ಚಹಾವನ್ನು ಕುಡಿದೇ ನನ್ನ ದಿನ ಶುರುವಾಗುತ್ತಿತ್ತು. ಸಂಕ್ರಾಂತಿಯ ಸುಮಾರಿಗೆ ಕುಷ್ಟಗಿ ಕಡೆಯಿಂದ ಯಾರಾದರೂ ಎಳೆಯ ಜೋಳದ ತೆನೆ ತಂದುಕೊಟ್ಟರೆ ಅದೇ ಬೂದಿಯಲ್ಲಿ ಹುದುಗಿಸಿ ಸೀತನಿ ಸುಟ್ಟು, ಉಜ್ಜಿ, ಬಂದವರ ಕೈಗೆಲ್ಲ ಹಾಕುತ್ತಿದ್ದಳು. ಪುಣೆಯ ಒಬ್ಬ ಹೆಣ್ಣುಮಗಳು ಅದನ್ನು ತಿಂದು ಕಣ್ಣು ಮುಚ್ಚಿಕೊಂಡು ಕೂತದ್ದು ನೋಡಿ, ಈಕೆಗೆ ಹಲ್ಲು ನೋವಿರಬೇಕು ಎಂದು ಹನುಮವ್ವ ನನ್ನ ಕಿವಿಯಲ್ಲಿ ಹೇಳಿದಳು.

ಎಲ್ಲಿಯ ಬೆಂಕಿ ಇದು ಎಂದು ಒಮ್ಮೆ ಕೇಳಿದೆ. ಹೊಸದಾಗಿ ಬೇರೆ ಒಲೆ ಹೂಡುವ ಸೊಸೆಗೆ ಅತ್ತೆಯಾದವಳು ತನ್ನ ಒಲೆಯ ಕೆಂಡ ಕೊಟ್ಟು ಕಳಿಸುವುದು ಅವರ ಮನೆಯ ಪದ್ಧತಿ. ಇದು ಅವಳ ಅತ್ತೆ ಕೊಟ್ಟದ್ದು. ಅವಳ ಅತ್ತೆಗೆ ಅವಳ ಅತ್ತೆ. ಗುಮಾಸ್ತನಿಗೆ ಸಹಜವಾದ ಅನುಮಾನದಿಂದ, ನಲವತ್ತು ವರ್ಷದಲ್ಲಿ ಒಂದು ದಿನವೂ ಆರಿಲ್ಲವೇನು ಎಂದು ತಕರಾರು ತೆಗೆದೆ.

"ಆರೇತ್ರಿ, ಯಾಕ ಆರಂಗಿಲ್ಲ," ಎಂದಳು. "ಆರಿದ್ರ ನೆರಿಮನ್ಯಾಗಿಂದ ತರ್ತೀನಿ. ನಾನ ಕೊಟ್ಟಿದ್ದಲ್ಲೇನ್ರಿ ಅವರಿಗೆ. ನಮ್ಮ ಬೆಂಕಿನ ಅದು."

ಎರಡನೆಯ ವರ್ಷದ ಹಂಗಾಮಿನಲ್ಲಿ ಅರಣ್ಯ ಇಲಾಖೆಯಿಂದ ಸುತ್ತೋಲೆ ಬಂತು. ಕೆರೆಯ ಆಚೆ ದಂಡೆಯ ಗುಡ್ಡದಲ್ಲಿ ಯಾರೋ ಬಿಟ್ಟುಹೋದ ಬೆಂಕಿ ಹತ್ತಿ ಎರಡು ದಿನ ಉರಿದಿತ್ತು. ಆ ಗುಡ್ಡಗಳಲ್ಲಿ ಕರಡಿ ಇವೆ, ಚಿರತೆ ಇದೆ, ಒಣಹುಲ್ಲಿನ ಬುಡದಲ್ಲಿ ಕೌಜುಗ ಹಕ್ಕಿ ಮೊಟ್ಟೆ ಇಟ್ಟಿರುತ್ತದೆ. ಮಾಘ ಕಳೆದ ಮೇಲೆ ಹುಲ್ಲು ಎಷ್ಟು ಒಣಗಿರುತ್ತದೆಂದರೆ ಕಾಲಿಟ್ಟರೆ ಪುಡಿಯಾಗುತ್ತದೆ. ಹಾಗಾಗಿ ಸುತ್ತೋಲೆ ತಪ್ಪಾಗಿರಲಿಲ್ಲ. ಇದನ್ನು ನಾನು ಇವತ್ತಿಗೂ ಹೇಳುತ್ತೇನೆ. ಕ್ಯಾಂಪುಗಳಲ್ಲಿ ಕಲ್ಲಿನ ಕುಂಡದೊಳಗೆ ಮಾತ್ರ ಬೆಂಕಿ ಹಾಕಬೇಕು, ಗಾಳಿ ಇದ್ದ ದಿನ ಹಾಕಕೂಡದು, ಪ್ರತಿದಿನ ನೀರು ಹಾಕಿ ಪೂರ್ತಿ ನಂದಿಸಬೇಕು, ನಂದಿಸಿದ್ದನ್ನು ರಿಜಿಸ್ಟರಿನಲ್ಲಿ ನಮೂದಿಸಬೇಕು ಎಂದಿತ್ತು.

ರಿಜಿಸ್ಟರು ಎಂಬ ಪದ ಕಂಡೊಡನೆ ನನ್ನ ಕೈಗೆ ಹೋದ ಪ್ರಾಣ ಬಂದಂತಾಯಿತು. ಆ ಮಧ್ಯಾಹ್ನವೇ ಗಂಗಾವತಿಗೆ ಹೋಗಿ ಉದ್ದನೆಯ ಪುಸ್ತಕ ತಂದು, ಕೆಂಪು ಶಾಯಿಯಲ್ಲಿ ಕಾಲಮ್ಮು ಎಳೆದೆ. ತಗಡಿಗೆ ಬಿಳಿ ಬಣ್ಣ ಬಳಿಸಿ, ನಿಯಮಗಳನ್ನು ನಾನೇ ದುಂಡು ಅಕ್ಷರದಲ್ಲಿ ಬರೆದು ಕುಂಡದ ಪಕ್ಕ ನಿಲ್ಲಿಸಿದೆ. "ನಂದಿಸತಕ್ಕದ್ದು" ಎಂಬ ಪದವನ್ನು ಬರೆಯುವಾಗ ಎಷ್ಟು ಸಂತೋಷವಾಯಿತೆಂದರೆ ಅದರ ಕೆಳಗೆ ಎರಡು ಗೆರೆ ಎಳೆದೆ. ಹನುಮವ್ವನಿಗೆ ಓದು ಬಾರದು. ಅವಳನ್ನು ಕರೆದು ಬೋರ್ಡು ಪೂರಾ ಓದಿ ಹೇಳಿದೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಗಾಳಿ ಇದ್ದ ದಿನ ಬೆಂಕಿ ಹಾಕಬಾರದು ಎಂಬುದನ್ನು ಬೋರ್ಡಿನಲ್ಲಿ ಬರೆಯಬೇಕೇ ಎಂದು ಆಶ್ಚರ್ಯಪಟ್ಟಳು. ನೀರಿನ ಮಾತಿಗೆ ಮಾತ್ರ ಒಪ್ಪಲಿಲ್ಲ.

"ಮಣ್ಣ ಹಾಕಂದ್ರ ಹಾಕ್ತೀನಿ, ಸಾಹೇಬ್ರ. ಬೂದಿ ಹಾಕ್ತೀನಿ. ಅನ್ನ ಬೇಯಿಸಿದ ಬೆಂಕಿಗೆ ನೀರ ಹಾಕೂದು ನನ್ನ ಕೈಲೆ ಆಗಂಗಿಲ್ರಿ."

ಇಲ್ಲಿ ನಾನು ಗಟ್ಟಿಯಾಗಿ ಹೇಳಬೇಕಿತ್ತು. ಹಾಗಾಗದಿದ್ದರೆ ಈ ಕ್ಯಾಂಪಿನಲ್ಲಿ ಬೆಂಕಿಯೇ ಬೇಡ, ನಿನ್ನ ಗಡಿಗೆಯನ್ನು ಶೆಡ್ಡಿನಲ್ಲಿಟ್ಟುಕೋ, ಜನರಿಗೆ ನಾನು ಹೇಳುತ್ತೇನೆ ಎನ್ನಬಹುದಿತ್ತು. ಅಥವಾ ಅಧಿಕಾರಿಗಳ ಹತ್ತಿರ ಹೋಗಿ, ಇವಳು ಬೂದಿ ಮುಚ್ಚುವ ರೀತಿಯನ್ನು ಒಮ್ಮೆ ಬಂದು ನೋಡಿ ಎಂದು ಕೇಳಬಹುದಿತ್ತು. ನಾನು ಎರಡೂ ಮಾಡಲಿಲ್ಲ. ಕಚೇರಿಯಲ್ಲಿ ಕಲಿತ ಮೂರನೆಯ ದಾರಿ ಹಿಡಿದೆ. ಅವಳು ಎಂದಿನಂತೆ ಬೂದಿ ಮುಚ್ಚಿದಳು, ನಾನು ಎಂದಿನಂತೆ ಬೆಳಗಿನ ಚಹಾ ಕುಡಿದೆ, ರಿಜಿಸ್ಟರಿನಲ್ಲಿ ಮಾತ್ರ ಪ್ರತಿ ಸಂಜೆ "ನೀರು ಹಾಕಿ ನಂದಿಸಲಾಗಿದೆ" ಎಂದು ಬರೆದು ಸಹಿ ಮಾಡಿದೆ. ಇದು ಅವಳಿಗೆ ನಾನು ಮಾಡಿದ ಉಪಕಾರ ಎಂದೇ ತಿಳಿದಿದ್ದೆ. ಅವಳಿಗೆ ಹೇಳಿಯೂ ಇದ್ದೆ, ಚಿಂತೆ ಮಾಡಬೇಡ, ಬರೆಯುವವನು ನಾನಿದ್ದೇನೆ ಎಂದು.

ಶಿವರಾತ್ರಿ ಕಳೆದು ಕೆಲವು ದಿನಗಳಾಗಿದ್ದವು. ಆ ಸಂಜೆ ಗಾಳಿ ಎದ್ದಿತ್ತು. ಇವತ್ತು ಬೆಂಕಿ ಬೇಡವೆಂದು ಹನುಮವ್ವನೇ ಹೇಳಿ, ಹೊತ್ತು ಮುಳುಗುವ ಮೊದಲೇ ಕೆಂಡ ಮುಚ್ಚಿಬಿಟ್ಟಳು. ಮದುವೆಯಾಗಿ ಬೇರೆ ಊರಲ್ಲಿದ್ದ ಮಗಳು ರೇಣವ್ವನಿಗೆ ಮೈ ಹುಷಾರಿಲ್ಲವೆಂದು ಸುದ್ದಿ ಬಂದಿತ್ತು. ಅವಳ ಊರಿಗೆ ಹೋಗಿ ನಾಳೆ ಎಂಟರ ಹೊತ್ತಿಗೆ ಬರುತ್ತೇನೆ, ಕುಂಡ ಮುಟ್ಟಬೇಡಿ, ಬಂದು ಚಹಾ ಕೊಡುತ್ತೇನೆ ಎಂದು ಹೇಳಿ ಹೋದಳು. ನಾನು ರಿಜಿಸ್ಟರು ಬರೆದು ಮಲಗಿದೆ.

ಬೆಳಗ್ಗೆ ಎದ್ದಾಗ ಗಾಳಿ ನಿಂತಿತ್ತು. ಹುಬ್ಬಳ್ಳಿಯ ಒಂದು ಕುಟುಂಬ ತಮ್ಮ ವ್ಯಾನು ಸಿದ್ಧಮಾಡಿಕೊಂಡು ಹೊರಡುವುದರಲ್ಲಿತ್ತು. ಇಲ್ಲಿಯ ಬೆಂಕಿಯ ಚಹಾದ ಬಗ್ಗೆ ಕೇಳಿದ್ದೆವು, ಕುಡಿಯುವ ಯೋಗವಿಲ್ಲ ಎಂದು ಆ ಮನೆಯ ಯಜಮಾನ ಪೇಚಾಡಿದ. ಅಡುಗೆಮನೆಯಲ್ಲಿ ಗ್ಯಾಸಿತ್ತು. ಎರಡು ನಿಮಿಷದ ಕೆಲಸ. ಆದರೆ ನನಗೆ ಅವರ ಮುಂದೆ ದೊಡ್ಡವನಾಗುವ ಚಪಲ ಬಂತು. ನೋಡಿ, ನಾವಿಲ್ಲಿ ಕಡ್ಡಿ ಗೀರದೆ ಬೆಂಕಿ ಮಾಡುತ್ತೇವೆ ಎಂದು, ಎರಡು ಹಂಗಾಮು ಪಕ್ಕದಲ್ಲಿ ಕೂತು ನೋಡಿದ ಧೈರ್ಯದ ಮೇಲೆ ಕುಳ್ಳು ಸರಿಸಿ, ಬೂದಿ ಕೆದಕಿ, ಹನುಮವ್ವನ ಊದುಗೊಳವೆ ಬಾಯಿಗಿಟ್ಟು ಊದಿದೆ. ಬೆಂಕಿ ಎದ್ದಿತು. ಅವರು ಫೋಟೋ ತೆಗೆದುಕೊಂಡರು. ಚಹಾ ಕುಡಿದು, ಇಂಥ ಅನುಭವ ಎಲ್ಲೂ ಆಗಿಲ್ಲ ಎಂದು ನನ್ನ ಕೈ ಕುಲುಕಿ, ಗಾಡಿ ಏರಿದರು. ನಾನು ಕೆಂಡ ಎಳೆದು ಬೂದಿ ಮುಚ್ಚಿ ತಟ್ಟಿದೆ. ಅವರನ್ನು ಬೀಳ್ಕೊಡುತ್ತ ರಸ್ತೆಯವರೆಗೆ ನಡೆದು, ಹಾಗೇ ಕೆರೆಯ ಏರಿಯ ಮೇಲೆ ಒಂದು ಸುತ್ತು ಹೋದೆ. ಹೊಗಳಿಸಿಕೊಂಡ ಮನುಷ್ಯನಿಗೆ ಒಂದು ಸುತ್ತು ನಡೆಯಬೇಕು ಅನ್ನಿಸುತ್ತದೆ.

ತಿರುಗಿ ನೋಡುವ ಹೊತ್ತಿಗೆ ಗಾಳಿ ಮತ್ತೆ ಎದ್ದಿತ್ತು, ಕ್ಯಾಂಪಿನ ಹಿಂದೆ ಹೊಗೆ ಇತ್ತು. ನಾನು ಓಡಿದೆ. ಒಂದು ಟೆಂಟಿನ ಸೆರಗು ಉರಿಯುತ್ತಿತ್ತು, ಅದರಾಚೆಯ ಒಣಹುಲ್ಲು ಹತ್ತಿಕೊಂಡು ಬೆಂಕಿ ಗುಡ್ಡಕ್ಕೆ ಏರುತ್ತಿತ್ತು. ಟೆಂಟುಗಳಲ್ಲಿದ್ದವರನ್ನೆಲ್ಲ ಎಬ್ಬಿಸಿ ರಸ್ತೆಗೆ ಕಳಿಸಿದೆವು. ಸುತ್ತಲಿನ ಹೊಲದವರು ಹಸಿ ಟೊಂಗೆ ಮುರಿದುಕೊಂಡು ಬಡಿಯಲು ಬಂದರು. ಹನುಮವ್ವ ಎಂಟಕ್ಕೆ ಬಂದವಳು ಗಂಟು ಅಲ್ಲೇ ಎಸೆದು ಎಲ್ಲರಿಗಿಂತ ಮೇಲೆ ಹೋಗಿ ಬಡಿದಳು. ಅರಣ್ಯದ ಸಿಬ್ಬಂದಿ ಬಂದರು. ನೇಸರು ನೆತ್ತಿಗೆ ಬರುವ ಹೊತ್ತಿಗೆ ಬೆಂಕಿ ಬಂಡೆಗಳ ಸಾಲಿಗೆ ಬಂದು ನಿಂತಿತು. ಮನುಷ್ಯರಿಗೆ ಯಾರಿಗೂ ಏನೂ ಆಗಲಿಲ್ಲ. ಆದರೆ ಇಡೀ ಇಳಿಜಾರು ಕರಿಕಾಗಿತ್ತು. ಸೀತಾಫಲದ ಗಿಡಗಳು ಕಡ್ಡಿಗಳಾಗಿದ್ದವು. ಒಂದು ಕಲ್ಲಿನ ಬದಿಯಲ್ಲಿ ಒಡೆದ ಮೊಟ್ಟೆಗಳಿದ್ದವು, ತಾಯಿ ಕೌಜುಗ ಅಲ್ಲಿಯೇ ಸುಟ್ಟುಹೋಗಿತ್ತು, ಎದ್ದು ಹಾರಿರಲಿಲ್ಲ. ಅದನ್ನು ನಾನು ನೋಡಿದೆ, ನೋಡಿ ಬೇರೆ ಕಡೆ ಮುಖ ತಿರುಗಿಸಿದೆ.

ವಿಚಾರಣೆಗೆ ಬಂದ ಅಧಿಕಾರಿ ಚಿಕ್ಕ ವಯಸ್ಸಿನವನು. ಬೆಳಗಿನಿಂದ ತಾನೂ ಬೆಂಕಿ ಬಡಿದು ಮುಖವೆಲ್ಲ ಮಸಿ ಮಾಡಿಕೊಂಡಿದ್ದ. ಯಾರ ಮೇಲೂ ಕೂಗಾಡಲಿಲ್ಲ. ಕುಂಡ ನೋಡಿಕೊಳ್ಳುವವರು ಯಾರು ಎಂದು ಕೇಳಿದ. ಭಾವಮೈದ ಹನುಮವ್ವನ ಕಡೆ ಕೈ ಮಾಡಿದ. ನಿನ್ನೆ ನೀರು ಹಾಕಿದ್ದೆಯಾ ಎಂದು ಅಧಿಕಾರಿ ಅವಳನ್ನು ಕೇಳಿದ.

"ಇಲ್ರಿ," ಎಂದಳು. "ನಾ ನೀರ ಹಾಕಂಗಿಲ್ಲ. ಬೂದಿ ಮುಚ್ಚಿ ಹೋಗಿನ್ನಿ."

ಅವನು ರಿಜಿಸ್ಟರು ಕೇಳಿದ. ನಾನು ತಂದುಕೊಟ್ಟೆ. ಹಿಂದಿನ ಸಂಜೆಯ ಸಾಲಿನಲ್ಲಿ ನನ್ನ ದುಂಡು ಅಕ್ಷರ ಇತ್ತು. ಅವನು ಪುಸ್ತಕ ನೋಡಿದ, ಅವಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೆಳಗ್ಗೆ ನಾನು ಮಾಡಿದ್ದನ್ನು ಹೇಳಲು ಆಗ ಒಂದು ಉಸಿರಿನಷ್ಟು ಸಮಯ ಇತ್ತು. ಪಿಂಚಣಿ ನೆನಪಾಯಿತು, ನಂಬಿಕೆಯ ಮನುಷ್ಯ ಎಂದು ಕರೆತಂದ ಭಾವಮೈದ ಪಕ್ಕದಲ್ಲೇ ನಿಂತಿದ್ದ, ಚಹಾ ಕುಡಿದು ಹೋದವರು ಆಗಲೇ ಕೊಪ್ಪಳ ದಾಟಿರುತ್ತಾರೆ ಎಂಬುದೂ ಹೊಳೆಯಿತು.

"ಹಾಕೀನಿ ಅಂದಳ್ರಿ ಆಕಿ," ಎಂದೆ. "ನಾ ಬರಕೊಂಡ್ನಿ."

ಹನುಮವ್ವ ಕೂಗಾಡಿದ್ದರೆ ನಾನೂ ಕೂಗಾಡಿ ನನ್ನ ಸುಳ್ಳನ್ನು ನಾನೇ ನಂಬುತ್ತಿದ್ದೆನೋ ಏನೋ. ಅವಳು ಕುಂಡದ ಕಡೆ ನೋಡುತ್ತಿದ್ದಳು. ಅದರ ಒಂದು ಮೂಲೆಯಲ್ಲಿ ಇನ್ನೂ ಕೆಂಡ ಇತ್ತು. ಅಧಿಕಾರಿ ಅದನ್ನು ಕಂಡು ಮೊದಲು ನೀರು ಹಾಕಿಸಿ ಎಂದ. ಅವನು ಹೇಳಿದ್ದು ಸರಿಯೇ. ನಾನು ಬಕೀಟು ತುಂಬಿ ತಂದು ಹನುಮವ್ವನ ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ. ಅವಳ ಎರಡೂ ಕೈ ಸೆರಗಿನೊಳಗೆ ಇದ್ದವು. ಆಗ ನಾನೇ ಸುರಿದೆ. ಅವಳ ಮನೆಗೆ ಬೀಗ ಹಾಕಿತ್ತು, ಆ ಮನೆಯ ಒಲೆಯಲ್ಲಿ ಬೆಂಕಿ ಇರಲಿಲ್ಲ, ಇದ್ದದ್ದೆಲ್ಲ ಇಲ್ಲೇ ಇತ್ತು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಬಕೀಟು ಪೂರ್ತಿ ಬರಿದು ಮಾಡಿದೆ.

ಮರುದಿನ ಬೆಳಗ್ಗೆ ಭಾವಮೈದ ಅವಳ ಕೆಲಸ ಬಿಡಿಸಿದ. ಅವಳು ಗಂಟು ಕಟ್ಟಿಕೊಂಡು ಊದುಗೊಳವೆ ಹಿಡಿದು ಹೊರಟಾಗ ನಾನು ಟವಲು ಎಣಿಸುವ ನೆಪದಲ್ಲಿ ಕೋಣೆಯೊಳಗೆ ಸೇರಿಕೊಂಡಿದ್ದೆ. ಅವಳೇ ಬಾಗಿಲಿಗೆ ಬಂದು ನಿಂತಳು.

"ಬೂದಿ ಮ್ಯಾಲೆ ಕುಳ್ಳ ಇಡೂದು ಮರ್ತಿದ್ರಿ, ಸಾಹೇಬ್ರ," ಎಂದಳು. "ಗಾಳಿಗೆ ಬರೀ ಬೂದಿ ನಿಲ್ಲಂಗಿಲ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಒಂದು ಕೆಲಸ ತಿಳಿದವರು ತಿಳಿಯದವರಿಗೆ ಹೇಳುವ ಹಾಗೆ ಹೇಳಿದಳು. ಬೂದಿ ಕೆದಕಿದ ಕೈ ಯಾರದೆಂದು ಅವಳಿಗೆ ಹಿಂದಿನ ದಿನವೇ ತಿಳಿದಿತ್ತು. ಕುಳ್ಳು ನಾನು ಸರಿಸಿಟ್ಟ ಜಾಗದಲ್ಲೇ ಬಿದ್ದಿತ್ತು, ಮೂರು ಕಲ್ಲುಗಳು ದೂರ ಇದ್ದವು, ಊದುಗೊಳವೆ ಅವಳಿಟ್ಟ ಕಡೆ ಇರಲಿಲ್ಲ. ಅಷ್ಟೂ ಜನರ ಮುಂದೆ ಅವಳು ಅದನ್ನು ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೋ ನನಗೆ ತಿಳಿಯದು. ಹೇಳಿದರೂ ನನ್ನ ರಿಜಿಸ್ಟರಿನ ಮುಂದೆ ಯಾರು ನಂಬುತ್ತಾರೆ ಎಂದುಕೊಂಡಿರಬೇಕು.

ಆಮೇಲೆ ಕ್ಯಾಂಪುಗಳಲ್ಲಿ ಬೆಂಕಿಯನ್ನು ಪೂರಾ ನಿಷೇಧಿಸಿದರು. ಭಾವಮೈದ ಧೃತಿಗೆಡುವ ಗಿರಾಕಿಯಲ್ಲ. ಗಾಜಿನ ಕೊರಡುಗಳ ಕೆಳಗೆ ಕೆಂಪು ಬಲ್ಬು ಹಾಕಿ, ಮೇಲೆ ತೆಳ್ಳನೆಯ ರೇಷ್ಮೆ ಬಟ್ಟೆ ಕಟ್ಟಿ, ಕೆಳಗಿನಿಂದ ಸಣ್ಣ ಫ್ಯಾನು ಬಿಟ್ಟ. ಬಟ್ಟೆ ಹಾರಾಡಿದರೆ ಉರಿಯಂತೆಯೇ ಕಾಣುತ್ತಿತ್ತು. ಜನ ಅದರ ಸುತ್ತಲೂ ಅಂಗೈ ಚಾಚಿ ಕೂತು ಫೋಟೋ ತೆಗೆಸಿಕೊಂಡರು. ನಾನು ಆ ಹಂಗಾಮು ಮುಗಿಸಿ, ಮೊಣಕಾಲು ನೋವೆಂದು ಹೇಳಿ ಭಾಗ್ಯನಗರಕ್ಕೆ ಬಂದುಬಿಟ್ಟೆ. ಬರುವಾಗ ರಿಜಿಸ್ಟರು ನನ್ನ ಚೀಲದಲ್ಲಿತ್ತು. ತಪ್ಪಿ ಬಂತು ಎಂದು ಹೆಂಡತಿಗೆ ಹೇಳಿ ಅಟ್ಟಕ್ಕೆ ಹಾಕಿದೆ. ಮೂವತ್ತು ವರ್ಷದಲ್ಲಿ ಒಂದು ಕಾಗದವೂ ತಪ್ಪಿ ಮನೆಗೆ ಬಂದಿರಲಿಲ್ಲ ಎಂಬುದು ಅವಳಿಗೆ ಗೊತ್ತು.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಇಸ್ತ್ರಿಯವನು ಬರದೇ ಇದ್ದಿದ್ದರೆ ಹಾಗೇ ಹೋಗುತ್ತಿತ್ತೋ ಏನೋ. ಎರಡು ವಾರ ಕಿಟಕಿ ಹಾಕಿದ ಮೇಲೆ ಒಂದು ಸಂಜೆ ಹೆಂಡತಿಯ ಮುಂದೆ ಎಲ್ಲ ಹೇಳಿಬಿಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದಳು. ಆರಿಸುತ್ತಲೇ ಕೇಳಿದಳು. ಹೋಗಿ ಬನ್ನಿ ಎಂದಷ್ಟೇ ಹೇಳಿ, ಮೊರ ಕೆಳಗಿಟ್ಟು ಒಳಗೆ ಹೋದಳು.

ಗಂಗಾವತಿಗೆ ಬಸ್ಸು, ಅಲ್ಲಿಂದ ಹೇಮಗುಡ್ಡದ ಕಡೆಗೆ ಟಂಟಂ ಆಟೋ. ಹನುಮವ್ವನ ಮನೆ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಗುಡಿಯ ಹತ್ತಿರ ಕೇಳಿದಾಗ ಒಬ್ಬ, ಯಾವ ಹನುಮವ್ವ, ಗುಡ್ಡ ಸುಟ್ಟ ಆಕಿಯೇ ಎಂದು ಕೇಳಿ ದಾರಿ ತೋರಿಸಿದ. ನಾನು ಹೌದು ಎಂದೆ.

ಅವಳು ಆಗ ತಾನೇ ಗದ್ದೆಯಿಂದ ಬಂದಿದ್ದಳು. ಮೊಣಕಾಲಿನವರೆಗೆ ಕೆಸರು. ನೆಟ್ಟಗೆ ನಿಲ್ಲುವ ಕೆಲಸ ಕೇಳಿಕೊಂಡು ಬಂದಿದ್ದವಳು ಮತ್ತೆ ನಾಟಿಗೆ ಬಗ್ಗಿದ್ದಳು, ಈಗ ನಿಂತರೂ ಬಗ್ಗಿಯೇ ಇದ್ದಳು. ನನ್ನನ್ನು ನೋಡಿ, ಬರ್ರಿ ಎಂದಳು. ಈಗ ಅವಳ ಜೊತೆಗೇ ಇದ್ದ ಮಗಳು ರೇಣವ್ವ ಗ್ಯಾಸಿನ ಮೇಲೆ ಚಹಾ ಇಟ್ಟಳು. ಲೈಟರು ಟಕ್ಕೆಂದಿತು. ಮೂಲೆಯಲ್ಲಿ ಹಳೆಯ ಒಲೆ ಇತ್ತು, ಅದರ ಬಾಯಿಯಲ್ಲಿ ಈರುಳ್ಳಿ ಬುಟ್ಟಿ ಇಟ್ಟಿದ್ದರು. ನಾನು ಅದನ್ನು ನೋಡುವುದನ್ನು ಕಂಡು, ಅವತ್ತಿನಿಂದ ಅವ್ವ ಒಲೆ ಹೂಡಲಿಲ್ಲ ಎಂದು ರೇಣವ್ವ ಹೇಳಿದಳು. ನೆರೆಮನೆಯಿಂದ ತರಬಹುದಿತ್ತಲ್ಲ ಎಂದು ನನ್ನ ಬಾಯಿಗೆ ಬಂತು.

"ನೆರಿಮನ್ಯಾಗೂ ಗ್ಯಾಸ ಐತ್ರಿ," ಎಂದಳು ಹನುಮವ್ವ, ನಾನು ಕೇಳದಿದ್ದರೂ.

ಚಹಾ ಕುಡಿಯುವ ಮೊದಲೇ ಹೇಳಿದೆ. ಅವತ್ತು ಬೂದಿ ತೆಗೆದವನು ನಾನು, ಸುಳ್ಳು ಹೇಳಿದವನು ನಾನು, ತಪ್ಪಾಯಿತು ಎಂದೆ. ಕೊಪ್ಪಳದಿಂದ ಬಸ್ಸಿನಲ್ಲಿ ಬರುತ್ತ ಇನ್ನೂ ಬಹಳ ಮಾತು ಜೋಡಿಸಿಕೊಂಡಿದ್ದೆ, ಯಾವುದೂ ನೆನಪಾಗಲಿಲ್ಲ. ರೇಣವ್ವ ಕೈಯಲ್ಲಿದ್ದ ಜರಡಿಯನ್ನು ಹಾಗೇ ಹಿಡಿದು ನಿಂತಳು. ಅವಳಿಗೆ ಇದು ಗೊತ್ತಿರಲಿಲ್ಲ. ಹನುಮವ್ವ ಮಗಳಿಗೂ ಹೇಳಿರಲಿಲ್ಲ.

ಕೊನೆಗೆ ಮಾತಾಡಿದ್ದು ರೇಣವ್ವನೇ. ಹೋದ ವರ್ಷ ಅವಳು ಸಾಣಾಪುರದ ಕ್ಯಾಂಪೊಂದರ ಅಡುಗೆಮನೆಗೆ ಕೆಲಸ ಕೇಳಲು ಹೋಗಿದ್ದಳಂತೆ. ಯಾರ ಮಗಳು ಎಂದು ಕೇಳಿ, ಬೆಂಕಿಯ ಹತ್ತಿರ ನಿಮ್ಮ ಮನೆಯವರನ್ನು ಇಟ್ಟುಕೊಳ್ಳುವುದಿಲ್ಲ ಎಂದು ಕಳಿಸಿದರಂತೆ. ಇನ್ನೆರಡು ಕಡೆಯೂ ಅದೇ ಮಾತು. ಅವಳು ಇದನ್ನು ನನ್ನ ಮುಖ ನೋಡದೆ ಹೇಳಿದಳು. ನಾನು ಮತ್ತೆ ತಪ್ಪಾಯಿತು ಎಂದೆ. ಆಗ ಹನುಮವ್ವ ಕೆಸರು ಕಾಲನ್ನು ಮಡಚಿಕೊಂಡು ಕೂತಳು.

"ನನ್ನ ಮುಂದ ಯಾಕ ಹೇಳ್ತೀರಿ, ಸಾಹೇಬ್ರ? ನನಗ ಗೊತ್ತಿದ್ದದ್ದ ಐತಿ. ಗೊತ್ತಿಲ್ಲದವ್ರು ಅಲ್ಲಿ ಅದಾರ. ಅವರ ಮುಂದ ಹೋಗಿ ಹೇಳ್ರಿ."

ಆಮೇಲೆ, ಚಹಾ ಆರುತ್ತದೆ ಕುಡಿಯಿರಿ ಎಂದಳು. ಕುಡಿದೆ. ಅವಳು ಕ್ಷಮೆಯ ಮಾತೇ ಎತ್ತಲಿಲ್ಲ, ಒಂದು ಕೆಲಸ ಹೇಳಿ ಕಳಿಸಿದಳು.

ಅದಾಗಿ ಹತ್ತು ದಿನ. ಹತ್ತು ದಿನ ಯಾಕೆ ಬೇಕಾಯಿತು ಎಂದರೆ, ನಾನು ಅಂಥವನು. ಮೊದಲು ಭಾವಮೈದನಿಗೆ ಫೋನು ಮಾಡಿದೆ. ಹಳೆಯ ಮಾತು ಬಿಡಿ ಮಾಮಾ, ಈಗ ಯಾಕೆ ಕೆದಕುತ್ತ ಕೂರುತ್ತೀರಿ ಎಂದ. ನಾಳೆ ಬೆಳಗ್ಗೆ ಸಾಣಾಪುರದ ಕ್ಯಾಂಪಿನವರೆಲ್ಲ ಹಂಗಾಮಿನ ನಿಯಮಗಳ ಬಗ್ಗೆ ಮಾತಾಡಲು ಸೇರುತ್ತಾರಂತೆ, ಅಧಿಕಾರಿಗಳೂ ಬರುತ್ತಾರಂತೆ, ಇದೂ ಅವನ ಬಾಯಿಂದಲೇ ಬಂತು. ನಾನೂ ಬರುತ್ತೇನೆ ಎಂದೆ. ಅವನು ಫೋನು ಇಟ್ಟ. ಇನ್ನು ಮೇಲೆ ಅವನು ನಮ್ಮ ಮನೆಗೆ ಮೊದಲಿನಂತೆ ಬರುತ್ತಾನೋ ಇಲ್ಲವೋ ತಿಳಿಯದು. ಹೆಂಡತಿಗೆ ಹೇಳಿದಾಗ, ಅವನು ನನ್ನ ತಮ್ಮ, ಅವನನ್ನು ನಾನು ನೋಡಿಕೊಳ್ಳುತ್ತೇನೆ ಎಂದಳು.

ಇವತ್ತು ಸಂಜೆ ಅಟ್ಟದಿಂದ ರಿಜಿಸ್ಟರು ಇಳಿಸಿದೆ. ಆ ಸಂಜೆಯ ಸಾಲು ಹುಡುಕಿದೆ. ಅಕ್ಷರ ಎಷ್ಟು ಚೆನ್ನಾಗಿತ್ತೆಂದರೆ ನಾಚಿಕೆಯಾಯಿತು. ತಿದ್ದುಪಡಿಯನ್ನು ಹೇಗೆ ಮಾಡಬೇಕೆಂಬುದು ನನಗೆ ಗೊತ್ತಿರುವ ಒಂದೇ ವಿದ್ಯೆ. ಮೂಲ ಬರಹ ಅಳಿಸಬಾರದು, ಓದಲು ಬರುವಂತೆ ಒಂದೇ ಗೆರೆ ಹೊಡೆಯಬೇಕು, ಕೆಳಗೆ ನಿಜ ಬರೆದು ಸಹಿ ಮಾಡಬೇಕು. ಹಾಗೆಯೇ ಮಾಡಿದೆ. ನೀರು ಹಾಕಿರಲಿಲ್ಲ. ಹನುಮವ್ವ ಬೂದಿ ಮುಚ್ಚಿ, ಕುಳ್ಳು ಇಟ್ಟು, ಮುಟ್ಟಬೇಡಿ ಎಂದು ಹೇಳಿ ಹೋಗಿದ್ದಳು. ಬೆಳಗ್ಗೆ ಅದನ್ನು ತೆಗೆದವನು, ಕುಳ್ಳು ಇಡದೆ ಬಿಟ್ಟವನು, ಸುಳ್ಳು ಬರೆದವನು, ಕೆಳಗೆ ಸಹಿ ಮಾಡಿರುವ ನಾನು.

ಸಹಿ ಒಣಗಲೆಂದು ಪುಸ್ತಕ ತೆರೆದಿಟ್ಟು ಕೂತಿರುವಾಗ ಓಣಿಯ ಮೂಲೆಯಲ್ಲಿ ಚುಂಯ್ ಎಂದಿತು. ಹಸಿ ಬೂದಿಯ ವಾಸನೆ ಒಳಗೆ ಬಂತು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು, ಕಿಟಕಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ನಾನು ಏಳಲಿಲ್ಲ. ಅವಳು ರಿಜಿಸ್ಟರನ್ನು ಓದಿದಳು, ಮುಚ್ಚಿದಳು, ನಾಳೆಯ ಚೀಲದಲ್ಲಿ ರೊಟ್ಟಿಯ ಗಂಟಿನ ಪಕ್ಕ ಇಟ್ಟಳು. ಮೊದಲ ಬಸ್ಸು ಆರಕ್ಕಿದೆ.